ಅತ್ತಿಗೆ ಕಂಡ ಮೊನಾಕೊ

ಕುಂದಾಪುರದಿಂದ ಗಂಗೊಳ್ಳಿ ಬರಿಗಣ್ಣಿಗೆ ಕಾಣುತ್ತದೆ. ಕೋಡಿಯ ತುದಿಗೆ ಹೋಗಿ ನಿಂತರೆ ಆಚೆ ದಡದ ಬಂದರು, ಬೋಟು, ಬೋಟಿನ ಬಣ್ಣ ಎಲ್ಲ ಕಾಣುತ್ತದೆ. ಗಾಳಿ ಸರಿಯಾಗಿದ್ದರೆ ಅಲ್ಲಿ ಇಳಿದದ್ದು ಬಂಗುಡೆಯೋ ಬೂತಾಯಿಯೋ ಎಂದು ಮೂಗಿಗೂ ಗೊತ್ತಾಗುತ್ತದೆ. ಆದರೆ ರಸ್ತೆಯಲ್ಲಿ ಅಲ್ಲಿಗೆ ಹೋಗಬೇಕೆಂದರೆ ಹೆಮ್ಮಾಡಿ, ಮುಳ್ಳಿಕಟ್ಟೆ ಎಂದು ಸುತ್ತು ಹೊಡೆದು ಹದಿನೈದು ಕಿಲೋಮೀಟರಿನ ಹತ್ತಿರ ಹತ್ತಿರ ಆಗುತ್ತದೆ. ಅಷ್ಟು ದೂರದಲ್ಲಿ ಯುರೋಪಿನ ಒಂದು ಇಡೀ ದೇಶವನ್ನು ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ದಾಟಬಹುದು. ಆ ದೇಶದ ಹೆಸರು ಮೊನಾಕೊ.

ದೇಶ ಎಂದರೆ ಹೆಸರಿಗೆ ಮಾತ್ರ ಅಲ್ಲ ಮಾರಾಯ್ರೆ. ರಾಜ ಇದ್ದಾನೆ, ಅರಮನೆ ಇದೆ, ಬಾವುಟ ಇದೆ, 1993ರಿಂದ ವಿಶ್ವಸಂಸ್ಥೆಯಲ್ಲಿ ಕುರ್ಚಿಯೂ ಇದೆ. ಇಲ್ಲದ್ದು ಜಾಗ ಒಂದೇ. ಒಟ್ಟು ವಿಸ್ತೀರ್ಣ ಎರಡು ಚದರ ಕಿಲೋಮೀಟರಿಗೆ ಒಂದಿಷ್ಟು ಮೇಲೆ. ಎಕರೆ ಲೆಕ್ಕದಲ್ಲಿ ಹೇಳಿದರೆ ಐನೂರ ಚಿಲ್ಲರೆ. ಭೂಸುಧಾರಣೆ ಬರುವ ಮೊದಲು ನಮ್ಮ ಕಡೆ ಅಷ್ಟು ಜಾಗ ಇದ್ದ ದೊಡ್ಡಮನೆಯವರು ಇದ್ದರೆಂದು ಅಜ್ಜ ಹೇಳುತ್ತಿದ್ದರು. ಅವರ್ಯಾರಿಗೂ ಬಾವುಟ ಹಾರಿಸುವ ಉಪಾಯ ಹೊಳೆಯಲಿಲ್ಲ. ಗೇಣಿ ವಸೂಲಿ ಮಾಡಿ, ಮೇಳ ಕರೆಸಿ ಆಟ ಆಡಿಸಿ, ಕೊನೆಗೆ ಡಿಕ್ಲರೇಶನ್ನಿನಲ್ಲಿ ಜಾಗ ಕಳೆದುಕೊಂಡು ಮುಂಬಯಿಗೆ ಹೋಗಿ ಹೋಟೆಲು ಹಾಕಿದರು.

ಹಾಗೆ ಮುಂಬಯಿಗೆ ಹೋಗಿ ಹೋಟೆಲು ಹಾಕಿದವರ ಸಾಲಿನಲ್ಲಿ ನಮ್ಮ ಅಣ್ಣಯ್ಯನೂ ಒಬ್ಬ. ಅವನಿಗೆ ಅರವತ್ತು ತುಂಬಿದಾಗ ಮಕ್ಕಳು ಶಾಂತಿ ಹೋಮದ ಬದಲು ಯುರೋಪ್ ಟೂರ್ ಮಾಡಿಸಿದರು. ಅಣ್ಣಯ್ಯನ ಜತೆಗೆ ಅತ್ತಿಗೆ, ಅತ್ತಿಗೆಯ ಬ್ಯಾಗು ಹೊರಲಿಕ್ಕೆ ನಾನು. ಅತ್ತಿಗೆಯ ಬ್ಯಾಗಿನ ಭಾರದ ಬಗ್ಗೆ ಎರಡು ಮಾತು ಹೇಳಲೇಬೇಕು. ಅದರಲ್ಲಿ ಸೀರೆ ಕಡಿಮೆ, ಡಬ್ಬ ಜಾಸ್ತಿ. ಮಿಡಿ ಉಪ್ಪಿನಕಾಯಿ, ಕೊಚ್ಚಕ್ಕಿ, ಕೋಳಿ ಸಾರಿನ ಮಸಾಲೆ ಪುಡಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಒಣ ಸಿಗಡಿ ಚಟ್ನಿ. ಬಾಟಲಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದ್ದರೂ ಆ ಪರಿಮಳ ಮುಚ್ಚಿಡುವ ತಂತ್ರಜ್ಞಾನ ಇನ್ನೂ ಬಂದಿಲ್ಲ. ಇಡೀ ಬಸ್ಸಿನಲ್ಲಿ ನಮ್ಮ ಹಿಂದಿನ ಎರಡು ಸೀಟು ಯಾವಾಗಲೂ ಖಾಲಿ ಇದ್ದವು.

ಬಸ್ಸು ಫ್ರಾನ್ಸಿನ ನೀಸ್ ಪೇಟೆಯಿಂದ ಹೊರಟಿತು. ಎಡಗಡೆ ಗುಡ್ಡ, ಬಲಗಡೆ ನೀಲಿ ಸಮುದ್ರ, ನಡುವೆ ಹಾವಿನ ಹಾಗೆ ರಸ್ತೆ. "ಚಂದ ಇತ್ತ್," ಎಂದರು ಅತ್ತಿಗೆ, "ಆದ್ರೆ ನಮ್ ಮರವಂತೆಯಂಗೆ ಎಡ್ಗಡಿ ಹೊಳಿ ಇಲ್ಲೆ." ಇದು ನ್ಯಾಯವಾದ ಟೀಕೆ ಎಂದೇ ನನ್ನ ತೀರ್ಪು. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಹೀಗೆ ಎರಡೂ ಕೈಯಲ್ಲಿ ನೀರು ಹಿಡಿದುಕೊಂಡು ನಿಂತ ರಸ್ತೆ ಆ ಕಡೆ ಎಲ್ಲೂ ಕಾಣಲಿಲ್ಲ. ಅಲ್ಲಿದ್ದದ್ದು ಬೇರೆ ಸೌಲಭ್ಯ: ರಸ್ತೆಯ ಪಕ್ಕದಲ್ಲಿ ನಡೆಯುವವರಿಗೆ ನಡೆಯಲು ಜಾಗ.

ಸ್ವಲ್ಪ ಹೊತ್ತಾದ ಮೇಲೆ ಅತ್ತಿಗೆ ಕೇಳಿದರು, "ಮೊನಾಕೊ ಎಷ್ಟೊತ್ತಿಗೆ ಬಪ್ದ್ ಮಾರಾಯ?"

"ಬಂದಾಯ್ತ್ ಅತ್ಗಿ. ಆಗ್ಳೇ ದಾಟ್ಕಂಡ್ ಬಂದ್ವ್."

ಅತ್ತಿಗೆ ನಂಬಲಿಲ್ಲ. ನಂಬುವುದಾದರೂ ಹೇಗೆ? ಬ್ರಹ್ಮಾವರದ ಕಡೆಯಿಂದ ಬೈಂದೂರು ದಾಟಿ ಹೊರಟರೆ ಸಾಸ್ತಾನದಲ್ಲಿ ಒಂದು ಟೋಲು, ಶಿರೂರಿನಲ್ಲಿ ಇನ್ನೊಂದು ಟೋಲು. ಎಲ್ಲಿಂದ ಎಲ್ಲಿಗೆ ಬಂದೆವು ಎನ್ನುವುದಕ್ಕೆ ರಶೀದಿ ಸಿಗುತ್ತದೆ. ಇಲ್ಲಿ ಒಂದು ದೇಶ ಮುಗಿದು ಇನ್ನೊಂದು ದೇಶ ಶುರುವಾದರೂ ಗೇಟು ಇಲ್ಲ, ಪೊಲೀಸ್ ಇಲ್ಲ, ಹಂಪು ಕೂಡ ಇಲ್ಲ. ಫ್ರಾನ್ಸಿಗೆ ಕೊಟ್ಟ ಷೆಂಗೆನ್ ವೀಸಾವೇ ಇದಕ್ಕೂ ನಡೆಯುತ್ತದೆ. ಪಾಸ್‌ಪೋರ್ಟಿಗೆ ಸೀಲು ಬೇಕು ಎಂದು ಆಸೆ ಇದ್ದವರು ಪ್ರವಾಸೋದ್ಯಮ ಕಚೇರಿಗೆ ಹೋಗಿ ನೆನಪಿಗೊಂದು ಸೀಲು ಹೊಡೆಸಿಕೊಳ್ಳಬೇಕು. ಅತ್ತಿಗೆ ಹೊಡೆಸಿಕೊಂಡರು. ಊರಿನಲ್ಲಿ ಕೇಳುವವರಿಗೆ ದಾಖಲೆ ಬೇಕಲ್ಲ.

ಪೊಲೀಸ್ ಇಲ್ಲ ಎಂದೆನಲ್ಲ, ಅದು ಗಡಿಯ ಮಾತು. ಊರಿನ ಒಳಗೆ ಇದ್ದಾರೆ, ಎಷ್ಟು ಬೇಕೋ ಅಷ್ಟಲ್ಲ, ಅದಕ್ಕಿಂತ ಹೆಚ್ಚು. ಮೂವತ್ತೆಂಟು-ಮೂವತ್ತೊಂಬತ್ತು ಸಾವಿರ ಜನ ಇರುವ ಆ ಊರಿನಲ್ಲಿ ನೂರು ಜನಕ್ಕೆ ಒಬ್ಬರಿಗಿಂತ ಹೆಚ್ಚು ಪೊಲೀಸರು. ಅವರ ಒಂದು ಕೆಲಸ ಏನು ಗೊತ್ತುಂಟಾ? ಯಾರಾದರೂ ಅಂಗಿ ಇಲ್ಲದೆ, ಚಪ್ಪಲಿ ಇಲ್ಲದೆ, ಈಜುಡುಗೆಯಲ್ಲಿ ಬೀದಿಗೆ ಬಂದರೆ ತಡೆಯುವುದು. ಸಮುದ್ರದ ಬದಿ ಬಿಟ್ಟು ಒಳಗೆ ಬಂದಿರೋ, ಮೈಮೇಲೆ ಬಟ್ಟೆ ಇರಲೇಬೇಕು. ನಮ್ಮ ಕಡೆಯ ಹಳೆಯ ತಲೆಮಾರನ್ನು ನೆನಸಿಕೊಂಡೆ. ಸೊಂಟಕ್ಕೊಂದು ಪಂಚೆ, ಹೆಗಲಿಗೊಂದು ಬೈರಾಸ, ಬರಿಗಾಲು. ಇಷ್ಟರಲ್ಲೇ ಸಂತೆ, ಕೋರ್ಟು, ಮದುವೆ ಮಾತುಕತೆ ಎಲ್ಲ ಮುಗಿಸಿದವರು ಅವರು. ಮೊನಾಕೊದಲ್ಲಿ ಅವರನ್ನು ಬಸ್ ಸ್ಟ್ಯಾಂಡಿನಲ್ಲೇ ಹಿಡಿಯುತ್ತಿದ್ದರು. ಅಂಗಿ ಹಾಕಿಕೊಂಡು ಕೊಲ್ಲೂರಿನ ಒಳಸುತ್ತಿಗೆ ಹೊರಟವನನ್ನು ನಾವು ತಡೆಯುತ್ತೇವೆ, ಅಂಗಿ ಬಿಚ್ಚಿ ರಾಜಬೀದಿಗೆ ಹೊರಟವನನ್ನು ಅವರು ತಡೆಯುತ್ತಾರೆ. ಶಿಸ್ತು ಇಬ್ಬರಲ್ಲೂ ಇದೆ.

ಇನ್ನು ಊಟ. ಹೊರಟದ್ದೇ ಅದಕ್ಕೆ.

ಲಾ ಕಾಂಡಮೀನ್ ಎಂಬಲ್ಲಿ ಮಾರುಕಟ್ಟೆ ಇದೆ. 1880ರಿಂದ ನಡೆದುಕೊಂಡು ಬಂದದ್ದು. ಬಂದರಿನ ಹತ್ತಿರವೇ. ಹೊರಗೆ ತರಕಾರಿ, ಹೂವು. ಒಳಗೆ ತಿಂಡಿಯ ಅಂಗಡಿಗಳು. ಕೋಟ್ಯಧಿಪತಿಗಳ ದೇಶದಲ್ಲಿ ನಮ್ಮಂಥವರು ಕೈಚೀಲ ಬಿಗಿಹಿಡಿದುಕೊಳ್ಳದೆ ತಿನ್ನಬಹುದಾದ ಜಾಗ ಎಂದರೆ ಇದೇ. ಮೊದಲು ಬಂದದ್ದು ಸೊಕ್ಕಾ. ದೊಡ್ಡ ತಾಮ್ರದ ಹರಿವಾಣದಲ್ಲಿ ತೆಳ್ಳಗೆ ಹಿಟ್ಟು ಹೊಯ್ದು, ಕಟ್ಟಿಗೆಯ ಒಲೆಯೊಳಗೆ ತಳ್ಳಿ, ಅಂಚು ಕಪ್ಪಾಗುವವರೆಗೆ ಬೇಯಿಸಿ, ಕೆರೆದು ಕೊಡುತ್ತಾರೆ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಮೇಲಿಂದ ಕಾಳುಮೆಣಸಿನ ಪುಡಿ. ಮೂಲತಃ ನೀಸ್ ಕಡೆಯದು, ಆದರೆ ಇಡೀ ಕರಾವಳಿಯೇ ಅದನ್ನು ತನ್ನದೆನ್ನುತ್ತದೆ.

ಅತ್ತಿಗೆ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಇದ್ ಕಡ್ಲಿಹಿಟ್ಟಿನ್ ದ್ವಾಸಿ ಅಲ್ದಾ?"

"ಹೌದ್."

"ಚಟ್ನಿ ಎಲ್ಲಿತ್ತ್?"

ಚಟ್ನಿ ಇರಲಿಲ್ಲ. ಯುರೋಪಿನ ನಾಗರಿಕತೆಯ ಮೇಲೆ ಅತ್ತಿಗೆ ಹಾಕಿದ ಮೊದಲ ದೋಷಾರೋಪ ಇದು. ಎರಡು ಸಾವಿರ ವರ್ಷದ ಇತಿಹಾಸ, ಕಲ್ಲಿನ ಕೋಟೆ, ಅಮೃತಶಿಲೆಯ ಮೂರ್ತಿ ಎಲ್ಲ ಮಾಡಿದವರು ದೋಸೆಗೆ ನೆಂಚಿಕೊಳ್ಳಲು ಒಂದು ಚಟ್ನಿ ಅರೆಯಲಿಲ್ಲ ಎಂದರೆ ಏನು ಹೇಳುವುದು. ಹಾರ್ಲಿಕ್ಸ್ ಬಾಟಲಿ ಹೊರಗೆ ಬಂತು. ಸೊಕ್ಕಾ ಮತ್ತು ಒಣ ಸಿಗಡಿ ಚಟ್ನಿ ಎಷ್ಟು ಚೆನ್ನಾಗಿ ಹೊಂದುತ್ತವೆ ಎಂದರೆ, ಅಂಗಡಿಯ ಹೆಂಗಸು ಮೂಗು ಮುಚ್ಚಿಕೊಂಡೇ ಒಂದು ಚಿಟಿಕೆ ರುಚಿ ನೋಡಿ, ಆಮೇಲೆ ಮೂಗಿನಿಂದ ಕೈ ತೆಗೆದಳು.

ಎರಡನೆಯದು ಬಾರ್ಬಾಜುವಾನ್. ಇದು ಆ ದೇಶದ ರಾಷ್ಟ್ರೀಯ ತಿಂಡಿ. ನವೆಂಬರ್ 19ರ ರಾಷ್ಟ್ರೀಯ ದಿನಕ್ಕೆ ಇದು ಇರಲೇಬೇಕು. ದಪ್ಪ ದಂಟಿನ ಸೊಪ್ಪೊಂದನ್ನು ಹೆಚ್ಚಿ, ರಿಕೋಟ ಎಂಬ ಮೆತ್ತನೆಯ ಗಿಣ್ಣು, ಈರುಳ್ಳಿ ಸೇರಿಸಿ, ಮೈದಾದ ಕಣಕದೊಳಗೆ ತುಂಬಿಸಿ, ಎಣ್ಣೆಯಲ್ಲಿ ಕರಿಯುವುದು. ಬಿಸಿಬಿಸಿ ತಿಂದರೆ ಗಮ್ಮತ್ತು. ಸೊಪ್ಪನ್ನು ತಿಂಡಿಯ ಪದವಿಗೆ ಏರಿಸುವ ವಿದ್ಯೆ ನಮಗೂ ಗೊತ್ತು, ಮಳೆಗಾಲದ ಪತ್ರೊಡೆ ತಿಂದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ: ಅವರು ಆ ಸೊಪ್ಪಿನ ತಿಂಡಿಗೆ ಒಂದು ರಾಷ್ಟ್ರೀಯ ದಿನವನ್ನೇ ಕೊಟ್ಟರು, ನಾವು ಕೆಸುವಿನ ಎಲೆ ಬಾಯಿ ತುರಿಸುತ್ತದೆ ಎಂದು ಪೇಟೆಯ ಮಕ್ಕಳಿಗೆ ಹೆದರಿಸಿಟ್ಟಿದ್ದೇವೆ.

ಮೂರನೆಯದು ಬಂದಾಗ ಅತ್ತಿಗೆ ನಿಜವಾಗಿ ನೆಟ್ಟಗೆ ಕೂತರು. ಹೆಸರು ಸ್ಟೊಕಾಫಿ. ಟೊಮೆಟೊ, ಬೆಳ್ಳುಳ್ಳಿ, ಆಲಿವ್ ಕಾಯಿ, ಬಟಾಟೆ ಹಾಕಿ ಗಂಟೆಗಟ್ಟಲೆ ಬೇಯಿಸಿದ ಮೀನಿನ ಗಸಿ. ಮೀನು ಯಾವುದು? ಕಾಡ್. ಎಲ್ಲಿಯದು? ನಾರ್ವೆಯದು. ಹಸಿಯೋ ಒಣವೋ? ಒಣ! ಉತ್ತರದ ಚಳಿಗಾಳಿಗೆ ಕಟ್ಟಿ ಕಟ್ಟಿಗೆಯಷ್ಟು ಗಟ್ಟಿಯಾಗಿ ಒಣಗಿಸಿದ್ದನ್ನು ತಂದು, ದಿನಗಟ್ಟಲೆ ನೀರಿನಲ್ಲಿ ನೆನೆಹಾಕಿ, ಆಮೇಲೆ ಅಡುಗೆ.

"ಎದ್ರಿಗೆ ಸಮುದ್ರ ಇಟ್ಕಂಡ್ ಒಣ ಮೀನಾ?" ಅತ್ತಿಗೆಯ ಪ್ರಶ್ನೆಗೆ ಗೈಡ್ ಬಳಿ ಉತ್ತರ ಇರಲಿಲ್ಲ. ಉತ್ತರ ಇತಿಹಾಸದಲ್ಲಿದೆ: ಮೆಡಿಟರೇನಿಯನ್ನಿನ ಬಂದರುಗಳಿಗೂ ಉತ್ತರದ ದೇಶಗಳಿಗೂ ಶತಮಾನಗಳಿಂದ ವ್ಯಾಪಾರ, ಉಪವಾಸದ ದಿನಗಳಲ್ಲಿ ಮಾಂಸ ಬಿಟ್ಟು ಮೀನು ತಿನ್ನುವ ಕ್ಯಾಥೊಲಿಕ್ ಪದ್ಧತಿ, ಕೆಡದೆ ತಿಂಗಳುಗಟ್ಟಲೆ ಉಳಿಯುವ ಒಣ ಮೀನು. ಆದರೆ ಅತ್ತಿಗೆಗೆ ಇತಿಹಾಸ ಬೇಕಾಗಿರಲಿಲ್ಲ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳು ದಡಕ್ಕೆ ಬಿದ್ದಿರುವಾಗ ನಾವು ಒಣ ಮೀನು ತಿನ್ನುವುದು ಅನಿವಾರ್ಯದಿಂದ. ಇವರು ಬೇಕೆಂದೇ ತಿನ್ನುತ್ತಾರೆ, ಅದೂ ಊರಿನ ದೊಡ್ಡ ದೊಡ್ಡ ಹೋಟೆಲುಗಳಲ್ಲಿ! ಆ ಕ್ಷಣದಿಂದ ಮೊನಾಕೊದ ಮೇಲೆ ಅವರಿಗೆ ಒಂದು ಬಗೆಯ ಬಳಗದ ಅಕ್ಕರೆ ಹುಟ್ಟಿತು. "ನಮ್ಮವ್ರೇ," ಎಂದರು. "ಹುಳಿ ಸಾಲ, ಖಾರ ಇಲ್ಲೆ. ಆರೂ ನಮ್ಮವ್ರೇ."

ಕೊನೆಯಲ್ಲಿ ಸಿಹಿ. ಕ್ರೇಪ್ ಸುಜೆಟ್ ಎಂದರೆ ತೆಳುದೋಸೆಯನ್ನು ಕಿತ್ತಳೆ ರಸ, ಸಕ್ಕರೆ, ಬೆಣ್ಣೆಯ ಪಾಕದಲ್ಲಿ ಮುಳುಗಿಸಿ, ಮೇಲೆ ಮದ್ಯ ಹೊಯ್ದು, ಬೆಂಕಿ ಹಚ್ಚಿ ಬಡಿಸುವುದು. 1895ರಲ್ಲಿ ಮಾಂಟೆ ಕಾರ್ಲೊದ ಕೆಫೆ ದ ಪಾರಿಯಲ್ಲಿ ಬ್ರಿಟನ್ನಿನ ಯುವರಾಜನಿಗೆ ಬಡಿಸುವಾಗ ಅಕಸ್ಮಾತ್ ಬೆಂಕಿ ಹತ್ತಿ ಇದು ಹುಟ್ಟಿತು ಎಂದು ಆಂರಿ ಶಾರ್ಪಾಂತಿಯೆ ಎಂಬ ಅಡುಗೆಯವನು ಹೇಳಿಕೊಂಡಿದ್ದಾನೆ. ಆಗ ಅವನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಅಡುಗೆಯ ಚರಿತ್ರೆ ಬರೆಯುವವರು ಈ ಕಥೆಯನ್ನು ಅಷ್ಟಾಗಿ ನಂಬುವುದಿಲ್ಲ. ಇರಲಿ. ದೋಸೆ ಸುಟ್ಟುಹೋದರೆ ನಮ್ಮ ಮನೆಯಲ್ಲಿ ಬೈಗುಳ ಸಿಗುತ್ತದೆ, ಅವನಿಗೆ ಕೀರ್ತಿ ಸಿಕ್ಕಿತು. ನಮ್ಮ ಕೋಳಿ ಘೀ ರೋಸ್ಟ್ ಹುಟ್ಟಿದ ಕಥೆಯನ್ನೂ ಹೀಗೆ ಯಾರಾದರೂ ಯುವರಾಜನೊಬ್ಬನನ್ನು ಸೇರಿಸಿ ಹೇಳಬೇಕಿತ್ತು. ಕುಂದಾಪುರದಲ್ಲಿ 1957ರಲ್ಲಿ ಶುರುವಾದ ಶೆಟ್ಟಿ ಲಂಚ್ ಹೋಮ್‌ಗೆ ಆ ಕೀರ್ತಿ ಸಲ್ಲುತ್ತದೆ ಎಂದಷ್ಟೇ ಹೇಳಿ ನಾವು ಸುಮ್ಮನಾಗುತ್ತೇವೆ. ಬ್ಯಾಡಗಿ ಮೆಣಸನ್ನು ಹುಳಿಯೊಂದಿಗೆ ನುಣ್ಣಗೆ ಅರೆದು, ತುಪ್ಪ ಬಿಟ್ಟುಕೊಳ್ಳುವವರೆಗೆ ಬಾಡಿಸಿ, ಕೋಳಿಗೆ ಮೆತ್ತಿದ ಆ ಕೆಂಪು ಇವತ್ತು ಬೆಂಗಳೂರು, ಮುಂಬಯಿ, ದುಬೈ ಮುಟ್ಟಿದೆ. ಹೋದ ಊರಿನಲ್ಲೆಲ್ಲ ಅದಕ್ಕೆ 'ಮಂಗಳೂರು ಘೀ ರೋಸ್ಟ್' ಎಂದು ಹೆಸರು ಬದಲಾಯಿಸಿದವರನ್ನು ಮಾತ್ರ ಅತ್ತಿಗೆ ಇನ್ನೂ ಕ್ಷಮಿಸಿಲ್ಲ.

ನಾವು ತಿನ್ನುತ್ತಿರುವಾಗ ಅಣ್ಣಯ್ಯ ಎಲ್ಲಿ? ಅವನು ಅಂಗಡಿಯ ಹಿಂಬದಿಗೆ ಹೋಗಿ ಪಾತ್ರೆ ತೊಳೆಯುವುದನ್ನು ನೋಡುತ್ತಿದ್ದ. ಇದು ನಮ್ಮ ಕಡೆಯ ಹೋಟೆಲಿನವರ ರಕ್ತದಲ್ಲೇ ಬಂದದ್ದು. ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ತೆರೆದರು. ಮುಂದೆ ಎಂಟಿಆರ್ ಆದದ್ದು ಅದೇ. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋದರು. ಎಲ್ಲರೂ ಐಫೆಲ್ ಗೋಪುರ ನೋಡಲು ಹೋದರೆ ಇವರು ಹೋಟೆಲುಗಳ ಶುಚಿ, ಶಿಸ್ತು ನೋಡಿ ಬಂದರು. ಬಂದು ಪಾತ್ರೆ-ಲೋಟಗಳನ್ನು ಕುದಿನೀರಿನಲ್ಲಿ ಶುದ್ಧ ಮಾಡುವ ಪದ್ಧತಿ ತಂದರು. ಗಿರಾಕಿಗಳು ಅಡುಗೆಮನೆ ಹಾದು ಒಳಗೆ ಬರುವಂತೆ ಮಾಡಿದರು. ಕೋಟದ ಶಿವರಾಮ ಕಾರಂತರು ಯುರೋಪ್ ಸುತ್ತಿ 'ಅಪೂರ್ವ ಪಶ್ಚಿಮ' ಬರೆದರು, ಪಾರಂಪಳ್ಳಿಯ ಮಯ್ಯರು ಯುರೋಪ್ ಸುತ್ತಿ ಲೋಟ ತೊಳೆಸಿದರು. ಎರಡೂ ಊರು ಅಕ್ಕಪಕ್ಕ. ಪ್ರವಾಸ ಸಾಹಿತ್ಯದಲ್ಲಿ ಲೋಟಕ್ಕೂ ಒಂದು ಅಧ್ಯಾಯ ಕೊಡಬೇಕು ಎಂದು ನನ್ನ ವಾದ.

ಊಟ ಮುಗಿಸಿ ಗ್ಲಾಮರ್ ನೋಡಲು ಹೊರಟೆವು. ಮೊನಾಕೊದ ಗ್ಲಾಮರಿಗೆ ಒಂದು ತಾರೀಕಿದೆ. 1955ರ ಕಾನ್ ಚಿತ್ರೋತ್ಸವಕ್ಕೆ ಬಂದ ಹಾಲಿವುಡ್ ನಟಿ ಗ್ರೇಸ್ ಕೆಲ್ಲಿ ಅಲ್ಲಿಂದ ಐವತ್ತು ಕಿಲೋಮೀಟರ್ ದೂರದ ಮೊನಾಕೊಗೆ ಹೋಗಿ ಮೂರನೇ ರೆನಿಯೆ ರಾಜನನ್ನು ಭೇಟಿಯಾದಳು. 1956ರ ಏಪ್ರಿಲಿನಲ್ಲಿ ಮದುವೆ. ಅಷ್ಟೇ. ಅಲ್ಲಿಂದ ಈಚೆಗೆ ಆ ಊರಿನ ಪ್ರತಿಯೊಂದು ಬೀದಿ, ಗುಲಾಬಿ ತೋಟ, ಆಸ್ಪತ್ರೆಗೂ ಆ ಒಂದು ಹೆಸರಿನ ಹೊಳಪು.

ಗೈಡ್ ಇದನ್ನು ಬಹಳ ಭಾವುಕನಾಗಿ ಹೇಳುತ್ತಿದ್ದ. ಅತ್ತಿಗೆ ನನ್ನ ಕಿವಿಯಲ್ಲಿ, "ಒಂದ್ ನಟಿಗೆ ಇಷ್ಟಾ? ನಮ್ ಪಡ್ಕೋಣಿ ಕತಿ ಹೇಳ್ ಅವ್ನಿಗೆ," ಎಂದರು. ಹೇಳಬೇಕಾದ ಕಥೆಯೇ. ಮರವಂತೆಯಿಂದ ಸೌಪರ್ಣಿಕೆಯ ಆಚೆ ದಡಕ್ಕೆ ಪಡುಕೋಣೆ ಎಂಬ ಊರು. ತೆಂಗು, ಗದ್ದೆ, ನೀರು. ಆ ಊರಿನ ಹೆಸರನ್ನು ಹೊತ್ತ ಕುಟುಂಬಗಳಿಂದ ಗುರುದತ್ ಬಂದರು. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಪ್ರಕಾಶ್ ಪಡುಕೋಣೆ ಬಂದರು. ಅವರ ಮಗಳು ದೀಪಿಕಾ ಬಂದರು. 2022ರಲ್ಲಿ ಅದೇ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಸಾಲಿನಲ್ಲಿ ದೀಪಿಕಾ ಕೂತಿದ್ದರು. ಮೊನಾಕೊದವರು ಹೊರಗಿನಿಂದ ಒಬ್ಬ ತಾರೆಯನ್ನು ಆಮದು ಮಾಡಿ ಎಪ್ಪತ್ತು ವರ್ಷ ಉಂಡರು. ನಾವು ಸಾಲಾಗಿ ರಫ್ತು ಮಾಡಿದೆವು. ಹೆದ್ದಾರಿಯಲ್ಲಿ ಮರವಂತೆಯ ಬೀಚಿನಲ್ಲಿ ಸೆಲ್ಫಿ ತೆಗೆದು ಹೋಗುವ ಪ್ರವಾಸಿಗೆ ಹೊಳೆಯ ಆಚೆ ಏನಿದೆ ಎಂದು ಹೇಳುವ ಒಂದು ಮಾತೂ ಕಿವಿಗೆ ಬೀಳುವುದಿಲ್ಲ.

ಬಂದರಿನಲ್ಲಿ ವಿಹಾರನೌಕೆಗಳು. ಒಂದೊಂದೂ ನಮ್ಮ ಕಲ್ಯಾಣಮಂಟಪದಷ್ಟು. ಎಲ್ಲ ಬೆಳ್ಳಗೆ, ಎಲ್ಲ ಮೌನ. ಗಂಗೊಳ್ಳಿಯ ಬೋಟುಗಳ ಹಾಗೆ ಹೂವಿನ ಮಾಲೆ ಇಲ್ಲ, ದೇವರ ಹೆಸರಿಲ್ಲ, ಮೀನಿನ ವಾಸನೆ ಮೊದಲೇ ಇಲ್ಲ. ಅತ್ತಿಗೆ ನೀರನ್ನೇ ನೋಡುತ್ತಾ ನಿಂತರು. ಬೆಳಿಗ್ಗೆ ಬಂದಾಗ ಕಲ್ಲಿನ ಯಾವ ಗೆರೆಯಲ್ಲಿತ್ತೋ ಮಧ್ಯಾಹ್ನವೂ ನೀರು ಅದೇ ಗೆರೆಯಲ್ಲಿ. ಮೆಡಿಟರೇನಿಯನ್ನಿನಲ್ಲಿ ಭರತ-ಇಳಿತ ಎನ್ನುವುದು ಹೆಚ್ಚು ಕಡಿಮೆ ಇಲ್ಲ; ಒಂದು ಗೇಣು ಏರಿ ಇಳಿದರೆ ಹೆಚ್ಚು. ಕಿರಿದಾದ ಜಿಬ್ರಾಲ್ಟರ್ ಬಾಗಿಲಿನಿಂದ ಅಟ್ಲಾಂಟಿಕ್ಕಿನ ಭರತ ಒಳಗೆ ನುಗ್ಗಲಾರದು. "ಇಳ್ತ ಇಲ್ದಿದ್ರೆ ಮರುವಾಯಿ ಹೆಕ್ಕುದ್ ಹೆಂಗೆ?" ಎಂದರು ಅತ್ತಿಗೆ. ಇಷ್ಟು ಬಡ ಸಮುದ್ರವನ್ನು ಅವರು ನೋಡಿರಲಿಲ್ಲ.

ಬಡ ಸಮುದ್ರ ನಿಜ, ಆದರೆ ಪಾಪದ ಸಮುದ್ರ ಕೂಡ. ಮೊನಾಕೊದವರು ಅದನ್ನು ತುಂಬಿಸಿ ತುಂಬಿಸಿ ದೇಶ ಬೆಳೆಸಿಕೊಂಡಿದ್ದಾರೆ. ಫಾಂವಿಯೇ ಎಂಬ ಬಡಾವಣೆ ಪೂರ್ತಿ ಸಮುದ್ರದಿಂದ ಎತ್ತಿದ ನೆಲ. 2024ರ ಡಿಸೆಂಬರಿನಲ್ಲಿ ಮಾರೆತೆರಾ ಎಂಬ ಇನ್ನೊಂದು ಆರು ಹೆಕ್ಟೇರು ಸೇರಿತು. ನಮ್ಮಲ್ಲಿ ಲೆಕ್ಕ ತಿರುಗಾಮುರುಗಾ. ಪ್ರತಿ ಮಳೆಗಾಲ ಸಮುದ್ರವೇ ಮೇಲೆ ಬಂದು ಮರವಂತೆಯ ತೆಂಗು ಎಣಿಸಿಕೊಂಡು ಹೋಗುತ್ತದೆ. ನಾವು ಕಲ್ಲು ಹಾಕುತ್ತೇವೆ, ಅದು ಕಲ್ಲನ್ನೂ ತೆಗೆದುಕೊಂಡು ಹೋಗುತ್ತದೆ. ಇನ್ನು ಕೆಲಸದ ವೇಗದ ಮಾತು ಬೇಡ. ಅವರು ಸಮುದ್ರದ ಮೇಲೆ ಒಂದು ಬಡಾವಣೆ ಎಬ್ಬಿಸಲು ಎಂಟು ವರ್ಷ ತೆಗೆದುಕೊಂಡರು. ಕುಂದಾಪುರದ ಶಾಸ್ತ್ರಿ ಸರ್ಕಲಿನಲ್ಲಿ ಒಣ ನೆಲದ ಮೇಲೆ ಒಂದು ಫ್ಲೈಓವರ್ ಎಬ್ಬಿಸಲು ಅದಕ್ಕಿಂತ ಹೆಚ್ಚು ಹಿಡಿಯಿತು. ಕಂಬಗಳ ಕೆಳಗೆ ನೆರಳಿಗೆ ನಿಂತು ಆಡಿದ ಹರಟೆಯ ಲಾಭವನ್ನು ಮಾತ್ರ ಯಾರೂ ಲೆಕ್ಕ ಹಾಕಿಲ್ಲ.

ಕೊನೆಗೆ ಕ್ಯಾಸಿನೊ. ಹೊರಗಡೆ ಕಾರುಗಳ ಜಾತ್ರೆ, ಒಳಗಡೆ ಚಿನ್ನದ ಚಾವಣಿ. ಪಕ್ಕದ ಹೋಟೆಲಿನ ಮೊಗಸಾಲೆಯಲ್ಲಿ ಹದಿನಾಲ್ಕನೇ ಲೂಯಿಯ ಕುದುರೆಯ ಪ್ರತಿಮೆ. ಅದರ ಎತ್ತಿದ ಮೊಣಕಾಲು ಮುಟ್ಟಿದರೆ ಜೂಜಿನಲ್ಲಿ ಗೆಲುವು ಎಂಬ ನಂಬಿಕೆಗೆ ಮುಟ್ಟಿ ಮುಟ್ಟಿ ಕಂಚು ಹೊಳೆಯುತ್ತಿದೆ. ಈ ಜೂಜಿನ ಮನೆ ಬಂದದ್ದು ಶೋಕಿಗಲ್ಲ, ಹೊಟ್ಟೆಗೆ. ಮೊನಾಕೊದ ಕೈಯಲ್ಲಿ ಮೊದಲು ಮಾಂತೋನ್, ರೋಕ್‌ಬ್ರುನ್ ಎಂಬ ಎರಡು ಊರುಗಳಿದ್ದವು. ನಿಂಬೆ, ಆಲಿವ್ ಬೆಳೆಯುವ ಊರುಗಳು. 1848ರಲ್ಲಿ ತೆರಿಗೆಗೆ ರೋಸಿ ಅವು ಬೇರೆಯಾದವು. 1861ರಲ್ಲಿ ನಲವತ್ತು ಲಕ್ಷ ಫ್ರಾಂಕಿಗೆ ರಾಜ ಅವನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟ. ದೇಶದ ನೂರರಲ್ಲಿ ತೊಂಬತ್ತೈದು ಪಾಲು ಹೋಯಿತು. ಉಳಿದದ್ದು ಬಂಡೆ ಮತ್ತು ಬಂದರು. ಆಗ ಫ್ರಾನ್ಸ್ವಾ ಬ್ಲಾಂ ಎಂಬ ವ್ಯಾಪಾರಿಯನ್ನು ಕರೆತಂದು ಜೂಜಿನ ಮನೆ ಕೊಟ್ಟರು, 1868ಕ್ಕೆ ರೈಲು ತರಿಸಿದರು, ಮರುವರ್ಷವೇ ಆದಾಯ ತೆರಿಗೆ ತೆಗೆದರು. ನಮ್ಮ ಕುಂದಾಪುರ ತಾಲೂಕಿನಿಂದಲೂ 2018ರಲ್ಲಿ ಬೈಂದೂರು ಬೇರೆಯಾಯಿತು. ಮರವಂತೆ ಹೋಯಿತು, ಕೊಲ್ಲೂರು ಹೋಯಿತು, ಮೊಗೇರಿಯ ಗೋಪಾಲಕೃಷ್ಣ ಅಡಿಗರೂ ಹೋದರು. ನಾವು ಏನು ಮಾಡಿದೆವು? ಆರ್‌ಟಿಸಿ ಇನ್ನು ಯಾವ ಕಚೇರಿಯಲ್ಲಿ ಸಿಗುತ್ತದೆ ಎಂದು ವಿಚಾರಿಸಿದೆವು.

ಇನ್ನೂ ಒಂದು ಗುಟ್ಟು. ಆ ಕ್ಯಾಸಿನೊದ ಜೂಜಿನ ಕೋಣೆಗೆ ಮೊನಾಕೊದ ಪ್ರಜೆಗಳಿಗೆ ಪ್ರವೇಶ ಇಲ್ಲ. ಬಂದವರು ಸೋಲಲಿ, ಊರಿನವರು ಉಳಿಯಲಿ ಎಂದು ಕಾನೂನು. ನಮ್ಮ ಕಡೆಯ ಕೋಳಿ ಅಂಕದಲ್ಲಿ ಪೊಲೀಸರು ಬರುವಷ್ಟರಲ್ಲಿ ಗದ್ದೆ ಹಾರಿ ಓಡುವವರು ಯಾರು? ಊರಿನವರೇ. ಹೊರಗಿನವನಿಗೆ ದಾರಿ ಗೊತ್ತಿರುವುದಿಲ್ಲ, ಪಾಪ, ಅವನು ಹುಂಜದ ಸಮೇತ ಸಿಕ್ಕಿಬೀಳುತ್ತಾನೆ.

ಕ್ಯಾಸಿನೊ ಕಟ್ಟಡದಲ್ಲೇ ಒಪೆರಾ ಮಂದಿರ. ಪ್ಯಾರಿಸ್ಸಿನ ಒಪೆರಾ ಕಟ್ಟಿದ ಶಾರ್ಲ್ ಗಾರ್ನಿಯೇ ಕೈಯ ಕೆಲಸ, 1879ರದ್ದು. ಐನೂರ ಚಿಲ್ಲರೆ ಆಸನ. ಟಿಕೇಟು ದುಬಾರಿ ಎಂದು ಗೈಡ್ ಹೆಮ್ಮೆಪಟ್ಟ. ದುಡ್ಡು ಕೊಟ್ಟರೆ ಸಿಗುವುದಕ್ಕೆ ಹೆಮ್ಮೆ ಏನು ಬಂತು? ಮಂದಾರ್ತಿಗೆ ಹೋಗಿ ಯಕ್ಷಗಾನದ ಒಂದು ಹರಕೆ ಆಟ ಬುಕ್ ಮಾಡಿ ನೋಡಲಿ. ಅಷ್ಟು ಮೇಳಗಳಿದ್ದರೂ ದಶಕಗಳ ಮುಂದಿನವರೆಗೆ ಆಟ ಹಿಡಿದಾಗಿದೆ. ಮಗುವಿನ ಹೆಸರಿಗೆ ಹರಕೆ ಹೊತ್ತರೆ ಅದರ ಮದುವೆಯ ಹೊತ್ತಿಗೆ ಚೆಂಡೆ ಕೇಳಬಹುದು. ಮೊನಾಕೊದ ರಾಜನೇ ಬಂದರೂ ಸಾಲಿನಲ್ಲಿ ನಿಲ್ಲಬೇಕು.

ಆ ಊರಿನವರನ್ನು ಇಷ್ಟು ಕಾಲೆಳೆದ ಮೇಲೆ ಒಂದು ವಿಷಯದಲ್ಲಿ ಟೊಪ್ಪಿ ತೆಗೆಯಬೇಕು. ಅವರ ಸ್ವಂತ ಮಾತು ಮೊನೆಗಾಸ್ಕ್. ಇಟಲಿಯ ಲಿಗೂರಿಯಾ ಕಡೆಯ ನುಡಿಯ ತಂಗಿ. ಆಡಳಿತಕ್ಕೆ ಫ್ರೆಂಚ್, ವ್ಯಾಪಾರಕ್ಕೆ ಇಟಾಲಿಯನ್, ಇಂಗ್ಲಿಷ್. ಮನೆಮಾತು ಅಜ್ಜಿಯರ ಜತೆಗೇ ಸಾಯುವುದರಲ್ಲಿತ್ತು. 1976ರಲ್ಲಿ ಅದನ್ನು ಶಾಲೆಯಲ್ಲಿ ಕಲಿಸಲು ಹಿಡಿದರು. ಪ್ರಜೆಗಳ ಸಂಖ್ಯೆಯೇ ಹತ್ತು ಸಾವಿರದ ಆಸುಪಾಸು! ನಮ್ಮದು ಒಂದಾಗಿದ್ದ ಕುಂದಾಪುರ ತಾಲೂಕಿನದ್ದೇ ಲೆಕ್ಕ ಹಿಡಿದರೂ 2011ರಲ್ಲಿ ನಾಲ್ಕು ಲಕ್ಷದ ಹತ್ತಿರ. ಬ್ರಹ್ಮಾವರ, ಬಾರಕೂರು, ಕೋಟದ ಕಡೆಯ ಮಾತು ಸೇರಿಸಿದರೆ ಇನ್ನೂ ಹೆಚ್ಚು. ಆದರೂ ಬೆಂಗಳೂರಿನ ಬಸ್ ಹತ್ತಿದ ಕೂಡಲೇ ನಮ್ಮ ಮಾಣಿಗಳು "ಹ್ವಾಯ್" ಬಿಟ್ಟು "ಗುರೂ" ಹಿಡಿಯುತ್ತಾರೆ. ಈಗೀಗ ಆಸಾಡಿ ಅಮಾಸಿಗೆ ಕುಂದಾಪ್ರ ಕನ್ನಡ ದಿನ ಎಂದು ಗೌಜಿ ಶುರುವಾಗಿದೆ, ಒಳ್ಳೆಯದಾಯಿತು. ವರ್ಷದ ಉಳಿದ ದಿನಗಳಲ್ಲಿ ಮಕ್ಕಳ ಜತೆ ಅದೇ ಮಾತು ಆಡಿದರೆ ಇನ್ನೂ ಒಳ್ಳೆಯದು. ಅತ್ತಿಗೆಯನ್ನು ನೋಡಿ. ಇಡೀ ಮೊನಾಕೊದಲ್ಲಿ ಅವರು ಬೇರೆ ಭಾಷೆಯ ಒಂದು ಶಬ್ದ ಆಡಲಿಲ್ಲ. ಸೊಕ್ಕಾದವಳ ಹತ್ತಿರ "ಇನ್ನೊಂದ್ ಹಾಕ್ ಹೆಣೆ" ಎಂದರು, ಅವಳು ಇನ್ನೊಂದು ಹಾಕಿದಳು.

ನೀವೂ ಹೋಗುವುದಾದರೆ ಒಂದೆರಡು ಮಾತು. ನೀಸ್‌ನಲ್ಲಿ ಉಳಿದುಕೊಳ್ಳಿ, ರೈಲಿನಲ್ಲಿ ಅರ್ಧ ಗಂಟೆಯೊಳಗೆ ಮೊನಾಕೊ. ಅಲ್ಲಿ ರೂಮು ಮಾಡಿದರೆ ಊರಿನ ಗದ್ದೆ ಅಡವಿಡಬೇಕಾಗುತ್ತದೆ. ಊರು ಪೂರ್ತಿ ಏರು, ಆದರೆ ಗುಡ್ಡ ಹತ್ತಲು ಸರಕಾರವೇ ಎಪ್ಪತ್ತಕ್ಕೂ ಹೆಚ್ಚು ಲಿಫ್ಟು ಇಟ್ಟಿದೆ, ಬಿಟ್ಟಿ. ಮೊಣಕಾಲು ನೋವಿನವರು ಧೈರ್ಯವಾಗಿ ಹೋಗಬಹುದು. ಕಾರ್ ರೇಸಿನ ವಾರ ಆ ಕಡೆ ತಲೆ ಹಾಕಬೇಡಿ. ಮೂರು ಕಿಲೋಮೀಟರ್ ಚಿಲ್ಲರೆಯ ಅದೇ ಬೀದಿಯಲ್ಲಿ ಎಪ್ಪತ್ತೆಂಟು ಸುತ್ತು ಹೊಡೆಯುವುದನ್ನು ನೋಡಲು ಅಷ್ಟು ದುಡ್ಡು ಕೊಡುವವರಿಗೆ ವಂಡಾರಿನ ಕಂಬಳ ತೋರಿಸಬೇಕು. ಚಟ್ನಿ ಮರೆಯದೆ ಒಯ್ಯಿರಿ. ಹೋಗಲು ಒಳ್ಳೆಯ ಸಮಯ ಜುಲೈ ತಿಂಗಳು, ಆಸಾಡಿ ಅಮಾಸಿಗೆ ಮರವಂತೆಯ ಜಾತ್ರೆಯ ಹೊತ್ತಿಗೆ ವಾಪಸು ಬರುವ ಹಾಗೆ. ಆಗ ಹೇಗೂ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಊರಿನಲ್ಲಿ ಮೀನು ಇರುವುದಿಲ್ಲ.